ಬೀಗ ಬೀಳಬೇಕಾದ್ದು ಬಡಾಯಿಗೆ

ಮಾನ್ಯ ಸಂಪಾದಕರಿಗೆ,

ವಕೀಲರು ಫೇಸ್‌ಬುಕ್, ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಿಂದ ಪೂರ್ತಿ ದೂರವಿರಬೇಕು, ವೃತ್ತಿಯ ಮಾನ ಉಳಿಯಲು ಬೇರೆ ದಾರಿಯಿಲ್ಲ ಎಂದು ಹಿರಿಯ ವಕೀಲರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದಾರೆ. ಕೋರ್ಟ್ ಕಚೇರಿಯಲ್ಲೇ ತಲೆ ನರೆತ ನನಗೆ ಅವರ ಸಿಟ್ಟು ಅರ್ಥವಾಗುತ್ತದೆ. ಅವರು ಸೂಚಿಸುವ ಮದ್ದನ್ನು ಮಾತ್ರ ಒಪ್ಪಲಾರೆ.

ಸಿಟ್ಟು ಬರುವಂಥದ್ದು ಬೇಕಾದಷ್ಟಿದೆ. ಜಾಮೀನು ಸಿಕ್ಕ ಕಕ್ಷಿದಾರನ ಹೆಗಲ ಮೇಲೆ ಕೈ ಹಾಕಿ ಫೋಟೊ, ಅದಕ್ಕೊಂದು ಸಿನಿಮಾ ಹಾಡು. ‘ಒಂದೇ ವಾಯಿದೆಗೆ ಸ್ಟೇ ಗ್ಯಾರಂಟಿ’ ಎಂಬ ಘೋಷಣೆ. ಹೈಕೋರ್ಟ್ ಕಲಾಪದ ನೇರಪ್ರಸಾರದಿಂದ ತಮ್ಮ ವಾದದ ತುಣುಕನ್ನಷ್ಟೇ ಕತ್ತರಿಸಿ ಹಾಕಿಕೊಳ್ಳುವುದು. ಹೀಗೆ ಅನುಮತಿಯಿಲ್ಲದೆ ಬಳಸುವುದನ್ನು ನಮ್ಮ ಹೈಕೋರ್ಟಿನ ನೇರಪ್ರಸಾರ ನಿಯಮಗಳೇ ನಿಷೇಧಿಸಿವೆ. ಅವು ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಕೇಳುವವರಿಲ್ಲ, ಅಷ್ಟೇ.

ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ? ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮವು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೇಸು ಕೇಳಿಕೊಂಡು ಹೋಗಬಾರದು, ಜಾಹೀರಾತು ಕೊಡಬಾರದು ಎನ್ನುತ್ತದೆ. ನಾಮಫಲಕ ಕೂಡ ಹಿತಮಿತದ ಅಳತೆಯಲ್ಲಿರಬೇಕು. 2008ರಲ್ಲಿ ಒಂದಿಷ್ಟು ಸಡಿಲಿಸಿ, ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಫೋನು, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೇಸು ನಡೆಸುತ್ತಾರೆ ಎಂಬ ವಿವರ ಹಾಕಿಕೊಳ್ಳಲು ಬಿಟ್ಟರು. ಅಲ್ಲಿಗೆ ಮುಗಿಯಿತು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆನ್‌ಲೈನ್ ತಾಣಗಳ ಮೂಲಕ ಕೇಸು ಹಿಡಿಯುವ ವಕೀಲರ ಮೇಲೆ ಕ್ರಮ ಕೈಗೊಳ್ಳಿ ಎಂದಿತು. 2025ರ ಮಾರ್ಚ್‌ನಲ್ಲಿ ಪರಿಷತ್ತು ಸಾಮಾಜಿಕ ಜಾಲತಾಣಗಳಲ್ಲಿನ ಪ್ರಚಾರವನ್ನು ಖಂಡಿಸಿ ಮತ್ತೆ ಎಚ್ಚರಿಕೆ ಕೊಟ್ಟಿತು. ಕಾನೂನನ್ನು ತಿಳಿಸಿ ಹೇಳುವ ಬರಹ ಎಲ್ಲಿ ಮುಗಿದು ಕೇಸಿಗಾಗಿ ಕೈಚಾಚುವುದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಿಯಮ ಬಿಡಿಸಿ ಹೇಳಿಯೇ ಇಲ್ಲ.

ಇದರ ಪೆಟ್ಟು ಬೀಳುವುದು ಯಾರಿಗೆ? ತಂದೆಯ ಕಚೇರಿಯಲ್ಲೇ ಕುರ್ಚಿ ಸಿಕ್ಕವರಿಗೆ ಜಾಹೀರಾತು ಬೇಕಿಲ್ಲ, ಮನೆತನದ ಹೆಸರೇ ಸಾಕು. ಟಿ.ವಿ. ಚರ್ಚೆಯಲ್ಲಿ ಸಂಜೆಗೊಮ್ಮೆ ಮುಖ ತೋರಿಸುವವರಿಗೂ ಬೇಕಿಲ್ಲ; ಅದು ಪ್ರಚಾರವಲ್ಲವಂತೆ. ಹಳ್ಳಿಯಿಂದ ಬಂದು, ಮನೆತನದಲ್ಲಿ ಮೊದಲ ಬಾರಿಗೆ ಕಪ್ಪು ಕೋಟು ತೊಟ್ಟು, ಸೀನಿಯರ್ ಕೊಟ್ಟಷ್ಟು ಇಸಿದುಕೊಂಡು ವರ್ಷಗಟ್ಟಲೆ ವಾಯಿದೆ ಕೇಳುತ್ತ ನಿಲ್ಲುವ ಹುಡುಗಿಗೆ ತನ್ನ ತಿಳಿವಳಿಕೆಯನ್ನು ಜನರೆದುರು ಇಡಲು ಇರುವುದು ಬರವಣಿಗೆ ಒಂದೇ. ಅವಳು ಚೆಕ್ ಬೌನ್ಸ್ ಬಗ್ಗೆ ಒಂದು ಪುಟ ಬರೆಯಲಿ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸು ಕೊಡಬೇಕು, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಕಟ್ಟದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ನೋಟಿಸಿನ ಗಡುವೂ ಚೆಕ್ಕಿನ ಅವಧಿಯೂ ಮೀರಿದ ಮೇಲೆ ಬಂದು, ಕ್ರಿಮಿನಲ್ ಕೇಸು ಹಾಕಲಾಗದು ಎಂದು ಕೇಳಿ ಸಪ್ಪೆ ಮುಖ ಮಾಡಿಕೊಂಡು ಹೋದವರನ್ನು ನಮ್ಮ ಕಚೇರಿಯ ಕಿಟಕಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆ ಪುಟ ಓದಿದವನು ಮುಂದೆ ಅವಳನ್ನೇ ಹುಡುಕಿಕೊಂಡು ಬಂದು ವಕಾಲತ್ತಿಗೆ ಸಹಿ ಹಾಕಿದರೆ ಯಾವ ಮರ್ಯಾದೆ ಹೋಯಿತು? ಕನ್ನಡದಲ್ಲಿ ಇಂಥ ಬರಹ ಇಂದಿಗೂ ಕಡಿಮೆ. ಬಲ್ಲವರು ಸುಮ್ಮನಾದರೆ ಆ ಜಾಗಕ್ಕೆ ಸನ್ನದೇ ಇಲ್ಲದವರು ಬರುತ್ತಾರೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು 2005ರ ತಿದ್ದುಪಡಿಯನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವ ವಿಡಿಯೊಗಳು, 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಪತ್ರಕ್ಕೆ ಅದು ತಟ್ಟುವುದಿಲ್ಲ ಎಂಬುದನ್ನು ನುಂಗಿಬಿಡುತ್ತವೆ. ಅಕ್ಕ ತಮ್ಮಂದಿರ ನಡುವೆ ಮಾತು ಬಿಟ್ಟುಹೋಗಲು ಅಷ್ಟೇ ಸಾಕು.

ವೃತ್ತಿಯ ಮಾನವನ್ನು ಇಂಟರ್‌ನೆಟ್ ಕಳೆಯಿತು ಎಂಬ ಮಾತಿಗೂ ನನ್ನ ತಕರಾರಿದೆ. ಮುಂಬೈನ ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲಿ ನಿಂತು, ಬಂದವರ ಮೇಲೆ ಮುಗಿಬಿದ್ದು ಕೇಸು ಕಿತ್ತುಕೊಳ್ಳುತ್ತಿದ್ದ ವಕೀಲರ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು 1975ರಲ್ಲಿ. ಆಗ ಯಾವ ಯೂಟ್ಯೂಬ್ ಇತ್ತು? ಅಪಘಾತವಾದವನನ್ನು ಆಸ್ಪತ್ರೆಯ ವಾರ್ಡಿಗೇ ಹುಡುಕಿಕೊಂಡು ಹೋಗುವ ದಲ್ಲಾಳಿಗಳು ಇವತ್ತಿಗೂ ಇದ್ದಾರೆ. ಅವರ ಪಟ್ಟಿ ಮಾಡಿ ಕೋರ್ಟಿನಲ್ಲಿ ತೂಗುಹಾಕಲು, 3 ತಿಂಗಳವರೆಗೆ ಜೈಲಿಗೆ ಕಳಿಸಲು ವಕೀಲರ ಕಾಯ್ದೆಯ 2023ರ ತಿದ್ದುಪಡಿ ಅವಕಾಶ ಕೊಟ್ಟಿದೆ. ದಂಡ ಮಾತ್ರ ಹೆಚ್ಚೆಂದರೆ 500 ರೂಪಾಯಿ! ಒಂದು ಅಪಘಾತ ಕೇಸಿನ ಕಮಿಷನ್ ಎದುರು ಅದು ಯಾವ ಲೆಕ್ಕ?

ಕಕ್ಷಿದಾರನ ಕಡೆಯಿಂದಲೂ ನೋಡಿ. ವಕೀಲರ ಸೇವೆಯಲ್ಲಿ ಲೋಪವಾದರೆ ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೆಟ್ಟ ಮೇಲೆ ಆ ಬಾಗಿಲು ಇಲ್ಲದವನಿಗೆ, ಕೆಡುವ ಮುಂಚೆ ವಕೀಲರನ್ನು ಅಳೆದು ನೋಡುವ ದಾರಿಯನ್ನಾದರೂ ಬಿಡಬೇಡವೇ?

ಆದ್ದರಿಂದ ನಮ್ಮ ರಾಜ್ಯ ವಕೀಲರ ಪರಿಷತ್ತು ದೆಹಲಿಯ ಭಾರತೀಯ ಪರಿಷತ್ತಿಗೆ ಬರೆದು, ನಿಯಮದಲ್ಲಿ ಗೆರೆಯನ್ನು ಸ್ಪಷ್ಟವಾಗಿ ಎಳೆಯಲು ಕೇಳಬೇಕು. ಹೆಸರು ಮತ್ತು ನೋಂದಣಿ ಸಂಖ್ಯೆಯ ಸಮೇತ ಕಾನೂನು ವಿವರಿಸುವುದಕ್ಕೆ ಅಡ್ಡಿಯಿರಬಾರದು. ಕಕ್ಷಿದಾರನ ಮುಖ, ನಡೆಯುತ್ತಿರುವ ಕೇಸಿನ ಸಂಗತಿ, ಗೆಲುವಿನ ಭರವಸೆ, ಕಾಸು ಕೊಟ್ಟು ಹಾಕಿಸುವ ಪ್ರಚಾರ ಇವಕ್ಕೆಲ್ಲ ಜಾಗವಿರಬಾರದು. ‘ಗ್ಯಾರಂಟಿ ಸ್ಟೇ’ ಮಂದಿಯ ಮೇಲೆ ಕ್ರಮ ಕೈಗೊಳ್ಳಲು ಆ ಉತ್ತರಕ್ಕೆ ಕಾಯಬೇಕಿಲ್ಲ. 1961ರ ವಕೀಲರ ಕಾಯ್ದೆಯ 35ನೇ ಕಲಂ ರಾಜ್ಯ ಪರಿಷತ್ತಿನ ಕೈಯಲ್ಲೇ ಇದೆ.

ಇತಿ ನಿಮ್ಮ ಓದುಗ,
ನಿವೃತ್ತ ಶಿರಸ್ತೇದಾರ, ರಾಣೆಬೆನ್ನೂರು