ಪೀಣ್ಯದ ಕೋಣೆಯಲ್ಲಿ ಗಿಟಾರ್ ಗುಂಗು!

1981ರ ‘ಗೀತಾ’ ಚಿತ್ರ ನೆನಪಿದೆ ತಾನೆ? ಶಂಕರ್‌ನಾಗ್ ನಿರ್ದೇಶನ, ಇಳಯರಾಜ ಸಂಗೀತ. ಆ ಹಾಡುಗಳು ನಿಮಗೆಲ್ಲ ಬಾಯಿಪಾಠ. ಆದರೆ ಹಾಡುಗಾರನ ದನಿಯ ಕೆಳಗೆ ಗುಮ್ಮ್... ಗುಮ್ಮ್... ಎಂದು ನಡೆಯುವ ಬೇಸ್ ಗಿಟಾರನ್ನು ಎಂದಾದರೂ ಕಿವಿಗೊಟ್ಟು ಕೇಳಿದ್ದೀರಾ? ಅದನ್ನೇ ಕೇಳಿ ಹುಚ್ಚು ಹಿಡಿಸಿಕೊಂಡ ಅಣ್ಣತಮ್ಮಂದಿರಿಬ್ಬರು ಪೀಣ್ಯ ಎರಡನೇ ಹಂತದಲ್ಲಿದ್ದಾರೆ!

ಗದಗದ ಕಡೆಯವರು. ಹಗಲು ಸಿ.ಎನ್.ಸಿ. ಮೆಷಿನ್, ರಾತ್ರಿ ಗಿಟಾರ್. ಅಣ್ಣನದು ಲೀಡ್, ತಮ್ಮನದು ಬೇಸ್. ಆರ್ಕೆಸ್ಟ್ರಾದವರೊಬ್ಬರು, “ಭಾನುವಾರ ರಾತ್ರಿಯೊಳಗೆ ಒಂದು ಹಾಡು ರೆಕಾರ್ಡ್ ಮಾಡಿ ಕಳಿಸಿ. ಹಿಡಿಸಿದರೆ ರಾಜ್ಯೋತ್ಸವದ ಕಾರ್ಯಕ್ರಮಗಳು ನಿಮಗೇ” ಎಂದಿದ್ದರಂತೆ. ಹುಡುಗ ನನಗೆ ಫೋನ್ ಮಾಡಿ ಗೋಳಾಡಿದ.

“ಅಣ್ಣಾರ, ಕಿವಿಗೆ ಛಲೋ ಕೇಳಸ್ತೈತ್ರಿ. ರೆಕಾರ್ಡ್ ಮಾಡಿದ್ರ ಡಬ್ಬ್ಯಾಗ ಗುಂಗಾಡಿ ಹೊಕ್ಕಂಗ ಆಗತೈತ್ರಿ. ಅಂಗಡ್ಯಾಂವ ಹೊಸಾ ಆಂಪ್ ತಗೋ ಅಂತಾನ. ಇದನ್ನ ಮಾರಿಬಿಡ್ಲೇನ್ರಿ?”

ತಾಳಪ್ಪಾ ಎಂದೆ. ಹಿಂದೆ ಆರ್ಕೆಸ್ಟ್ರಾದಲ್ಲಿ ವೈರು ಸುತ್ತಿದ ಕೈ ನನ್ನದು. ಭಾನುವಾರ ಬೆಳಗ್ಗೆಯೇ ಮೆಟ್ರೋ ಹತ್ತಿದೆ.

ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ. ಮೇಲೆ ಶೀಟು, ಸುತ್ತ ಬರಿಗೋಡೆ. ಆಂಪ್ ಹಾಕಿದೊಡನೆ ಜುಂಯ್... ಎಂಬ ಸದ್ದು! “ಬಾಜೂ ಶೆಡ್ಡಿನ ಲೇತ್ ಮೋಟಾರಿಂದ್ರಿ” ಎಂದ. ಸ್ವಾಮಿ, ಭಾನುವಾರ ಶೆಡ್ಡಿಗೆ ಬೀಗ! ಕಳ್ಳ ಮನೆಯೊಳಗೇ ಇದ್ದ. ಸ್ವಿಚ್‌ಬೋರ್ಡಿನ ಮೂರನೇ ತೂತಿಗೆ ಅರ್ಥ್ ವೈರೇ ಇರಲಿಲ್ಲ. ಇದು ಬರೀ ಸದ್ದಿನ ಮಾತಲ್ಲ, ಪ್ರಾಣಕ್ಕೇ ಸಂಚಕಾರ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಸರಿಮಾಡಿಸಿದೆವು. ಅರ್ಧ ಸದ್ದು ಅಡಗಿತು. ಉಳಿದದ್ದು ಗಿಟಾರಿನ ಪಿಕಪ್ಪಿನದು. ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಸ್ಟ್ರಿಂಗಿನ ಕಂಪನದ ಜೊತೆಗೆ 50 ಸೈಕಲ್ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿದುಬಿಡುತ್ತದೆ. ಟ್ಯೂಬ್‌ಲೈಟ್ ಆರಿಸಿ, ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ ಮೆಲ್ಲಗೆ ತಿರುಗಿಸಿದೆ. ಬಾಗಿಲ ಕಡೆ ಮುಖ ಮಾಡಿದಾಗ ಸದ್ದು ತಣ್ಣಗಾಯಿತು!

ಇನ್ನು ಮೈಕ್. ಹಾಡುವ ಮಾಮೂಲಿ ಡೈನಮಿಕ್ ಮೈಕ್, ಸಾಕು. ಆದರೆ ಇಟ್ಟಿದ್ದು ಎಲ್ಲಿ? ನಾಲ್ಕಡಿ ದೂರದ ಮಂಚದ ಮೇಲೆ! ಅದು ಕೇಳುತ್ತಿದ್ದುದು ಗಿಟಾರನ್ನಲ್ಲ, ಗೋಡೆಗಳನ್ನು. ಅವರವ್ವ ಹೊಲಿದ ಕೌದಿಗಳೆರಡನ್ನು ಹಗ್ಗಕ್ಕೆ ನೇತುಹಾಕಿ, ಮೈಕನ್ನು ಸ್ಪೀಕರಿನ ಬಟ್ಟೆಗೆ ಎರಡು ಬೆರಳು ದೂರಕ್ಕೆ ತಂದೆ. ಟಾರ್ಚ್ ಬಿಟ್ಟರೆ ಬಟ್ಟೆಯೊಳಗೆ ಸ್ಪೀಕರಿನ ನಟ್ಟನಡುವೆ ಬಟ್ಟಲು ಮಗುಚಿದಂಥ ಟೊಪ್ಪಿಗೆ ಕಾಣುತ್ತದೆ. ಮೈಕ್ ಅದಕ್ಕೆ ನೇರ ಹಿಡಿದರೆ ಸೂಜಿ ಚುಚ್ಚಿದಂತೆ ಕಿರ್ರ್! ಅಂಚಿಗೆ ಒಯ್ದರೆ ಬಾಯಿಗೆ ಬಟ್ಟೆ ತುರುಕಿದಂತೆ ಮಂಕು. ಹುಡುಗನ ಕಿವಿಗೆ ಹೆಡ್‌ಫೋನ್ ಹಾಕಿಸಿ, ತಮ್ಮನಿಗೆ ಗಿಟಾರ್ ಕೊಟ್ಟು ಬಾರಿಸೆಂದೆ. ಮೈಕನ್ನು ಬೆರಳಗಲ, ಬೆರಳಗಲ ಸರಿಸುತ್ತ ಹೋದೆ. ಮುಕ್ಕಾಲು ಗಂಟೆ! ಮೊಣಕಾಲು ಹಿಡಿದುಕೊಂಡವು. ಟೊಪ್ಪಿಗೆ ಮುಗಿದು ಕಾಗದ ಶುರುವಾಗುವ ಜಾಗಕ್ಕೆ ಬಂದಾಗ ಹುಡುಗ ಚೀರಿದ:

“ಅಣ್ಣಾರ, ಅಲ್ಲೇ ಬಿಡ್ರಿ! ಕೈ ತಗೀರಿ!”

ಅಲ್ಲಿಗೆ ಇನ್ಸುಲೇಷನ್ ಟೇಪಿನ ಗುರುತು ಬಿತ್ತು. ಡಿಸ್ಟಾರ್ಷನ್ನನ್ನೂ ಅರ್ಧಕ್ಕಿಳಿಸಿದೆ. ಸ್ಪೀಕರನ್ನೇ ಅಣಕಿಸುವ ಸಾಫ್ಟ್‌ವೇರ್ ಈಗ ಪುಕ್ಕಟೆಯೂ ಸಿಗುತ್ತದೆ, ಕೆಟ್ಟದ್ದೇನಲ್ಲ. ಆದರೆ ಕೈಯಲ್ಲಿ ಆಂಪ್ ಇರುವಾಗ ಅದೇಕೆ?

ಬೇಸಿನ ದಾರಿ ಬೇರೆ. ಅದರ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಆ ಸದ್ದಿನ ಒಂದು ಅಲೆ ಸುಮಾರು 27 ಅಡಿ. ಹತ್ತಡಿ ಕೋಣೆಯಲ್ಲಿ ಅದು ಹೋಗುವುದೆಲ್ಲಿಗೆ? ಮೂಲೆಯಲ್ಲಿ ರಾಶಿ ಬಿತ್ತು, ಸ್ಟೀಲ್ ಪಾತ್ರೆಗಳು ಕುಣಿದವು! ಆಗ ಹುಡುಗರಿಗೆ ಡೆಟ್ರಾಯಿಟ್ ಕಥೆ ಹೇಳಿದೆ. ಅಮೆರಿಕದ ಕಾರು ಕಾರ್ಖಾನೆಗಳ ಊರು, ಅವರ ಪೀಣ್ಯ ಎನ್ನಿ. ಕಾರು ಜೋಡಿಸುವ ಕೆಲಸ ಮಾಡಿದ್ದ ಬೆರ್ರಿ ಗಾರ್ಡಿ 1959ರಲ್ಲಿ ಒಂದು ಮನೆ ಕೊಂಡು ಅದನ್ನೇ ಸ್ಟುಡಿಯೋ ಮಾಡಿದ. ಅದೇ ಮೋಟೌನ್! ಅಲ್ಲಿ ಜೇಮ್ಸ್ ಜೇಮರ್ಸನ್ ಬಾರಿಸಿದ ಬೇಸ್, ಆಂಪು-ಮೈಕುಗಳ ಗೊಡವೆಯಿಲ್ಲದೆ, ನೇರ ವೈರಿನಲ್ಲೇ ಟೇಪ್ ಸೇರುತ್ತಿತ್ತು. ನಾವೂ ಡಿ.ಐ. ಬಾಕ್ಸ್ ಒಂದನ್ನು ಎರವಲು ತಂದು ನೇರ ಚುಚ್ಚಿದೆವು. ಪಾತ್ರೆಗಳು ಸುಮ್ಮನಾದವು.

ಸಂಜೆ ಎರಡನ್ನೂ ಸೇರಿಸಿ ಹಾಕುವಾಗ ಬಾಗಿಲು ಬಡಿದ ಸದ್ದು. ಓನರ್ ಅಮ್ಮ! ಹುಡುಗರ ಮುಖ ಬಾಡಿತು. ಆಕೆ ಇಣುಕಿ, “ಯಾವ ಪಿಕ್ಚರ್ದಪ್ಪಾ ಈ ಹಾಡು?” ಎಂದರು.

ಸೋಮವಾರ ಫೋನ್ ಬಂತು. ನವೆಂಬರಿನಲ್ಲಿ ನಾಲ್ಕು ಕಾರ್ಯಕ್ರಮ, ಮೊದಲನೆಯದು ದಾಸರಹಳ್ಳಿಯಲ್ಲಿ. ಆಂಪ್ ಕೊಳ್ಳಲು ಬಂದಿದ್ದವನಿಗೆ ಚಹಾ ಕುಡಿಸಿ ಕಳಿಸಿದರಂತೆ!