ಶಾಲೆ ಕಟ್ಟಿದ ಲೆಕ್ಕ ಅಪ್ಪ-ಅಮ್ಮಂದಿರ ಕೈಗೂ ಬರಲಿ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತಲಿನ ಸರ್ಕಾರಿ ಶಾಲೆಗಳ ಚಹರೆ ಬದಲಾಗುತ್ತಿದೆ. ಹೆಂಚಿನ ಕೊಠಡಿಗಳಿದ್ದ ಕಡೆ ಆರ್‌ಸಿಸಿ ಕಟ್ಟಡ, ಹೊಸ ಶೌಚಾಲಯ, ಕಾಂಪೌಂಡು ಏಳುತ್ತಿವೆ. ಹಣ ಕೆಲವೆಡೆ ಸರ್ಕಾರದ್ದು, ಕೆಲವೆಡೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಯದು. ಬಾಗಿಲ ಪಕ್ಕದ ಕಲ್ಲಿನಲ್ಲಿ ಉದ್ಘಾಟಿಸಿದವರ ಹೆಸರೂ ದಾನಿಗಳ ಹೆಸರೂ ದಪ್ಪಕ್ಷರದಲ್ಲಿರುತ್ತವೆ. ಎಷ್ಟು ಖರ್ಚಾಯಿತು, ಗುತ್ತಿಗೆದಾರ ಯಾರು, ಎರಡನೇ ಮಳೆಗಾಲಕ್ಕೇ ತಾರಸಿ ಸೋರಿದರೆ ಯಾರನ್ನು ಕೇಳಬೇಕು ಎಂಬುದನ್ನು ಬರೆದಿರುವುದು ಅಪರೂಪ.

ಕೊಟ್ಟವರ ಮನಸ್ಸನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಲೆಕ್ಕ ಕೇಳುವ ಹಕ್ಕು ಯಾರದು ಎಂಬುದನ್ನು ಕಾನೂನು ಆಗಲೇ ತೀರ್ಮಾನಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 21ರ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸರ್ಕಾರದಿಂದ ಬಂದ ಹಣವಿರಲಿ, ಸ್ಥಳೀಯ ಸಂಸ್ಥೆಯಿಂದ ಬಂದದ್ದಿರಲಿ, ಬೇರೆ ಯಾವುದೇ ಮೂಲದಿಂದ ಬಂದದ್ದಿರಲಿ, ಅದರ ಬಳಕೆಯ ಮೇಲೆ ಕಣ್ಣಿಡುವುದು ಆ ಸಮಿತಿಯ ಕೆಲಸ. ಕಂಪನಿ ಕೊಟ್ಟ ಅನುದಾನ ಈ ಮಾತಿನಿಂದ ಹೊರಗುಳಿಯಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ಕರ್ನಾಟಕಕ್ಕೆ ಪೋಷಕರ ಈ ಉಸ್ತುವಾರಿ ಹೊಸತೂ ಅಲ್ಲ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರ ಏಪ್ರಿಲ್‌ನಲ್ಲೇ ನಮ್ಮಲ್ಲಿ ಇಂಥದೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಹುಟ್ಟಿತು. ಅದರ ಹೆಸರಿನಲ್ಲೇ 'ಮೇಲುಸ್ತುವಾರಿ' ಸೇರಿದೆ. ಸರ್ವ ಶಿಕ್ಷಣ ಅಭಿಯಾನದ ನಿಯಮಗಳಂತೂ ಶಾಲಾ ಕೊಠಡಿಯನ್ನು ಗುತ್ತಿಗೆದಾರರಿಗೆ ಕೊಡದೆ ಸಮುದಾಯದ ಸಮಿತಿಯ ಮೂಲಕವೇ ಕಟ್ಟಿಸಬೇಕೆಂದು ಹೇಳಿದ್ದವು. ಸಿಮೆಂಟು, ಕಬ್ಬಿಣ, ಮರಳಿನ ಲೆಕ್ಕ ಊರವರ ಮುಂದೆಯೇ ಇರಬೇಕೆಂಬುದು ಅವುಗಳ ಆಶಯ. ಈಗ ಅನೇಕ ಕಾಮಗಾರಿಗಳು ಸರ್ಕಾರದ ನಿರ್ಮಾಣ ಸಂಸ್ಥೆಗಳಾದ ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರಗಳ ಕೈಗೆ ಹೋಗುತ್ತವೆ. ಸಿಎಸ್‌ಆರ್ ಕೆಲಸವಾದರೆ ಒಪ್ಪಂದ ನಡೆಯುವುದು ಕಂಪನಿ, ಸ್ವಯಂಸೇವಾ ಸಂಸ್ಥೆ ಮತ್ತು ಶಿಕ್ಷಣ ಇಲಾಖೆಯ ನಡುವೆ. ಕಟ್ಟಡ ಸಿದ್ಧವಾದ ಮೇಲೆ ಪೋಷಕರನ್ನು ಸಮಾರಂಭಕ್ಕೆ ಕರೆದು ಕುರ್ಚಿಯಲ್ಲಿ ಕೂರಿಸುತ್ತಾರೆ.

ಕಂಪನಿಯ ಒಳಗೆ ಲೆಕ್ಕ ಬಿಗಿಯಾಗಿಯೇ ಇದೆ. 2013ರ ಕಂಪನಿ ಕಾಯ್ದೆಯಡಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕಾದ ಸಂಸ್ಥೆಗಳ ಹಣಕಾಸು ಮುಖ್ಯಸ್ಥರು, ಕೊಟ್ಟ ಹಣ ಉದ್ದೇಶಿತ ಕೆಲಸಕ್ಕೇ ಬಳಕೆಯಾಗಿದೆ ಎಂದು ದೃಢೀಕರಿಸಬೇಕು. 2021ರ ತಿದ್ದುಪಡಿಯ ನಂತರ ದೊಡ್ಡ ಕಂಪನಿಗಳು ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಬೇಕು. ಆ ವರದಿ ಆಡಳಿತ ಮಂಡಳಿಗೆ ಹೋಗುತ್ತದೆ, ವಾರ್ಷಿಕ ವರದಿಯ ಪುಟ ಸೇರುತ್ತದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ತಾಯಿಯ ಕೈಗೆ ಅದು ಯಾವ ದಾರಿಯಿಂದ ಬಂದೀತು?

ಈ ತಾಯಂದಿರ ಪಾಡನ್ನೇ ನಾವು ಮೊದಲು ನೋಡಬೇಕು. ಈ ಭಾಗದ ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಕಳಿಸುವವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗಾರೆ ಕೆಲಸಕ್ಕೆ ಬಂದವರಿದ್ದಾರೆ. ಮನೆಗೆಲಸ, ಹೌಸ್‌ಕೀಪಿಂಗ್, ಸೆಕ್ಯುರಿಟಿ ಕೆಲಸ ಮಾಡುವವರಿದ್ದಾರೆ. ಸಭೆ ನಡೆಯುವುದು ಶಾಲೆಯ ವೇಳೆಯಲ್ಲಿ, ಅದು ಅವರ ಶಿಫ್ಟಿನ ವೇಳೆ. ಸಭೆಗೆ ಬಂದರೆ ಅಂದಿನ ಕೂಲಿ ಹೋಯಿತು. ಬಾಡಿಗೆ ಏರಿ ಮನೆ ಬದಲಿಸಿದರೆ ಮಗುವಿನ ಶಾಲೆ ಬದಲಾಗುತ್ತದೆ, ಸದಸ್ಯತ್ವವೂ ಅಲ್ಲಿಗೆ ಮುಗಿಯುತ್ತದೆ. ಹೀಗಿರುವಾಗ 'ಪೋಷಕರಿಗೆ ಆಸಕ್ತಿಯಿಲ್ಲ' ಎನ್ನುವುದು ಅನ್ಯಾಯದ ಮಾತು. 2022ರ ಅಕ್ಟೋಬರಿನಲ್ಲಿ ತಿಂಗಳಿಗೆ 100 ರೂಪಾಯಿ ದೇಣಿಗೆಯನ್ನು ಇದೇ ಪೋಷಕರಿಂದ ಪಡೆಯಬಹುದೆಂದು ಸುತ್ತೋಲೆ ಹೊರಬಿದ್ದು, ವಿರೋಧ ಬಂದ ಮೇಲೆ ವಾಪಸಾಯಿತು. ಕೇಳಬೇಕಾದಾಗ ನೆನಪಾಗುವ ಪೋಷಕರು, ತೋರಿಸಬೇಕಾದಾಗ ಯಾಕೆ ನೆನಪಾಗುವುದಿಲ್ಲ?

ಬೇರೆ ಕಡೆ ಹೇಗಿದೆ ನೋಡಿ. ಅಮೆರಿಕದ ಕ್ಯಾಲಿಫೋರ್ನಿಯದ ಜನ 2000ದ ನವೆಂಬರಿನಲ್ಲಿ ಮತ ಹಾಕಿ ಒಂದು ನಿಯಮ ತಂದುಕೊಂಡರು. ಶೇ 55ರಷ್ಟು ಮತದಿಂದ ಶಾಲಾ ಕಟ್ಟಡಕ್ಕೆ ಬಾಂಡ್ ಸಾಲ ಎತ್ತಬಹುದು. ಹಾಗೆ ಎತ್ತಿದರೆ ನಾಗರಿಕರ ಉಸ್ತುವಾರಿ ಸಮಿತಿ ಇರಲೇಬೇಕು, ವರ್ಷವರ್ಷವೂ ಸ್ವತಂತ್ರ ಲೆಕ್ಕಪರಿಶೋಧನೆ ನಡೆಯಬೇಕು. ಶಾಲಾ ಆಡಳಿತದ ನೌಕರರಾಗಲಿ ಅದರ ಗುತ್ತಿಗೆದಾರರಾಗಲಿ ಆ ಸಮಿತಿಯಲ್ಲಿ ಕೂರುವಂತಿಲ್ಲ. ನಮ್ಮಲ್ಲಿ ಮುಖ್ಯಶಿಕ್ಷಕರೇ ಎಸ್‌ಡಿಎಂಸಿಯ ಕಾರ್ಯದರ್ಶಿ. ಅವರನ್ನು ದೂರುತ್ತಿಲ್ಲ, ಮೇಲಧಿಕಾರಿ ಒಪ್ಪಿದ ಬಿಲ್ಲನ್ನು ಪ್ರಶ್ನಿಸುವ ಭಾರವನ್ನು ಅವರೊಬ್ಬರ ಮೇಲೆ ಹೊರಿಸಬಾರದು ಎನ್ನುತ್ತಿದ್ದೇನೆ.

ಬೆಂಗಳೂರಿಗೆ ಬಾಂಡ್ ಎತ್ತಿಯೂ ಗೊತ್ತು, ಲೆಕ್ಕ ಕೇಳಿಯೂ ಗೊತ್ತು. 1997ರಲ್ಲಿ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ ದೇಶದ ನಗರಸಭೆಗಳಿಗೆಲ್ಲ ದಾರಿ ತೋರಿಸಿದ್ದು ಇಲ್ಲಿನ ಮಹಾನಗರ ಪಾಲಿಕೆ. 2002ರಲ್ಲಿ ಜನಾಗ್ರಹ, ಅಕ್ಷರ ಫೌಂಡೇಶನ್, ಪಬ್ಲಿಕ್ ಅಫೇರ್ಸ್ ಸೆಂಟರ್, ವಾಯ್ಸಸ್ ಕೂಡಿ ನಡೆಸಿದ 'ಪ್ರೂಫ್' ಅಭಿಯಾನದಿಂದಾಗಿ ಪಾಲಿಕೆಯ ತ್ರೈಮಾಸಿಕ ಲೆಕ್ಕ ಸಾರ್ವಜನಿಕರ ಚರ್ಚೆಗೆ ಬಂತು. ಓದುಬರಹ ಬಲ್ಲ, ಬಿಡುವಿದ್ದ ನಾಗರಿಕರಿಗೆ ಸಿಕ್ಕ ಆ ಅವಕಾಶ ಹೊರವಲಯದ ಶಾಲೆಗಳ ಪೋಷಕರವರೆಗೆ ಇಳಿಯಲಿಲ್ಲ ಎಂಬುದೇ ನನ್ನ ಸಂಕಟ.

ಸಾಧನಗಳಿಗೇನೂ ಕೊರತೆಯಿಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಗದ ಪಡೆಯುವ ಹಕ್ಕಷ್ಟೇ ಅಲ್ಲ, ಕಾಮಗಾರಿಯನ್ನು ಖುದ್ದು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಹತ್ತು ರೂಪಾಯಿಯ ಅರ್ಜಿ ಸಾಕು. ಆದರೆ ಅರ್ಜಿ ಹಾಕುವ ಪ್ರಮೇಯವೇ ಬರಬಾರದು. ನರೇಗಾದಲ್ಲಿ ಒಂದು ಕೆರೆಯ ಹೂಳು ತೆಗೆದರೂ ಅಂದಾಜು ಮೊತ್ತ ಬರೆದ ನಾಮಫಲಕ ನೆಡಬೇಕೆಂಬ ನಿಯಮ ಮಾಡಲಾಗಿತ್ತು. ಮಕ್ಕಳು ತಲೆಯ ಮೇಲೆ ಹೊತ್ತು ಕೂರುವ ಚಾವಣಿಗೂ ಅಷ್ಟು ಮರ್ಯಾದೆ ಸಿಗಲಿ. ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಉಸ್ತುವಾರಿ ಎಂಜಿನಿಯರ್ ಯಾರು, ದೋಷ ಕಂಡರೆ ಎಷ್ಟು ವರ್ಷದವರೆಗೆ ಗುತ್ತಿಗೆದಾರರೇ ಸರಿಪಡಿಸಬೇಕು, ಇಷ್ಟನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ಸಿಎಸ್‌ಆರ್ ಕಟ್ಟಡಕ್ಕೂ ಇದೇ ನಿಯಮ ಇರಲಿ. ಕೊನೆಯ ಬಿಲ್ಲು ಪಾಸಾಗುವ ಮುನ್ನ, ಮಾಡಿದ ಕೆಲಸ ದಾಖಲಾಗುವ ಅಳತೆ ಪುಸ್ತಕವನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳಲಿ. ಸಭೆ ಭಾನುವಾರ ನಡೆಯಲಿ, ಬಂದ ಶಿಕ್ಷಕರಿಗೆ ಬದಲಿ ರಜೆ ಸಿಗಲಿ. ಇದಕ್ಕೆ ಹೊಸ ಕಾಯ್ದೆಯಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು. ಮುಂದಿನ ಮಳೆಗಾಲಕ್ಕೆ ಮುಂಚೆ ಅದು ಹೊರಡಲಿ.