ಬಿರುಕು ಬಿಟ್ಟ ಟೈಟೇನಿಯಂ ಫ್ರೇಮ್: ಬೆಸೆಸಿ ತುಳಿಯಬಹುದೇ?

2008ರಲ್ಲಿ ಟೂರ್ ಆಫ್ ನೀಲ್‌ಗಿರೀಸ್ ಎಂಬ ಸೈಕಲ್ ಯಾತ್ರೆ ಶುರುವಾದ ಮೇಲೆ ಬೆಂಗಳೂರು, ಮೈಸೂರಿನ ರೋಡ್ ಬೈಕುಗಳಿಗೆ ಬಂಡೀಪುರದ ಆಚೆಯ ಘಾಟಿಗಳು ಹೊಸದಲ್ಲ. ಗೂಡಲೂರು, ನಾಡುಗಾಣಿ, ದೇವಾಲ, ಪಂದಲೂರಿನ ಮಳೆದಾರಿಗೆ ಟೈಟೇನಿಯಂ ಫ್ರೇಮೇ ಸರಿ ಎಂದು ಸೆಕೆಂಡ್ ಹ್ಯಾಂಡ್ ಆದರೂ ಹುಡುಕಿ ಕೊಳ್ಳುವವರಿದ್ದಾರೆ. ಆ ಫ್ರೇಮಿನಲ್ಲಿ ಬಿರುಕು ಕಂಡರೆ ರಿಪೇರಿ ಮಾಡಿಸಬೇಕೇ, ಬಿಟ್ಟುಬಿಡಬೇಕೇ?

ಪರ: ಬೆಸೆಸಿ, ಬಿಸಾಡಬೇಡಿ
(ದೇವಾಲದ ಸುತ್ತಮುತ್ತ ಸೈಕಲ್ ತುಳಿಯುವವರೊಬ್ಬರು)

ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬಿದ್ದ ಊರುಗಳ ಪಟ್ಟಿ ಪೇಪರಿನಲ್ಲಿ ಬಂದಾಗ ದೇವಾಲದ ಹೆಸರನ್ನು ಹುಡುಕಬೇಕಾಗಿಲ್ಲ, ಮೇಲೆಯೇ ಇರುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಸರಿಯಾಗಿ ಬಿಡುವುದಿಲ್ಲ. ಇಲ್ಲಿ ಉಕ್ಕಿನ ಫ್ರೇಮ್ ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಬಾಟಮ್ ಬ್ರಾಕೆಟ್ ಹತ್ತಿರ ಒಳಗಿನಿಂದ ತುಕ್ಕು ತಿಂದಿರುತ್ತದೆ. ಟೈಟೇನಿಯಂಗೆ ಆ ಕಾಟವೇ ಇಲ್ಲ. ಇಪ್ಪತ್ತು ವರ್ಷದ ಹಳೆಯ ಫ್ರೇಮನ್ನೂ ಸೋಪುನೀರಿನಲ್ಲಿ ತೊಳೆದು ಒರೆಸಿದರೆ ಸಾಕು, ಮತ್ತೆ ಇಪ್ಪತ್ತು ವರ್ಷಕ್ಕೆ ಸಿದ್ಧ. ಅಂಥದ್ದರಲ್ಲಿ ಉಗುರಿನಷ್ಟು ಬಿರುಕು ಕಂಡ ಕೂಡಲೇ ‘ಗುಜರಿಗೆ ಹಾಕಿ’ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಟೈಟೇನಿಯಂ ಬೆಸೆಯುವುದಕ್ಕಾಗುವುದಿಲ್ಲ ಎಂಬ ಮಾತು ಹೇಗೆ ಹುಟ್ಟಿತೋ! ಆ ಫ್ರೇಮ್ ತಯಾರಾದದ್ದೇ ಬೆಸುಗೆಯಿಂದ.

ಗೇಟು, ಗ್ರಿಲ್ ಮಾಡುವ ಅಂಗಡಿಗೆ ಒಯ್ದರೆ ಕೆಲಸ ಕೆಡುತ್ತದೆ, ನಿಜ. ಟೈಟೇನಿಯಂ ಕರಗುವುದು 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಷ್ಟ ಇರುವುದು ಅಷ್ಟೊಂದು ಶಾಖ ಕೊಡುವುದರಲ್ಲಲ್ಲ. ಕಾದ ಟೈಟೇನಿಯಂ ಗಾಳಿಯಲ್ಲಿರುವ ಆಮ್ಲಜನಕ, ಸಾರಜನಕಗಳನ್ನು ಹೀರಿಕೊಂಡು ಪೆಡಸಾಗುತ್ತದೆ. ಪೆಡಸಾದದ್ದು ಮುಂದೊಂದು ದಿನ ಚಟ್ಟನೆ ಒಡೆಯುತ್ತದೆ. ಆದ್ದರಿಂದ ಆರ್ಗಾನ್ ವೆಲ್ಡಿಂಗ್ ಬೇಕು. ಟಾರ್ಚಿನ ಮುಂದೆ ಬರುವ ಆರ್ಗಾನ್ ಅಷ್ಟೇ ಸಾಲದು. ಟ್ಯೂಬಿನ ಒಳಗೂ ಆರ್ಗಾನ್ ತುಂಬಿ ಹರಿಯುತ್ತಿರಬೇಕು, ಕಿಡಿ ಆರಿದ ಮೇಲೂ ಲೋಹ ಸುಮಾರು 400 ಡಿಗ್ರಿಗೆ ಇಳಿಯುವ ತನಕ ಗ್ಯಾಸ್ ನಿಲ್ಲಿಸಬಾರದು. ಅದಕ್ಕೂ ಮೊದಲು ಆ ಜಾಗವನ್ನು ಅಸಿಟೋನ್‌ನಿಂದ ಒರೆಸಬೇಕು, ಆಮೇಲೆ ಬರಿಗೈ ತಾಕಬಾರದು. ಕಬ್ಬಿಣ ಉಜ್ಜಿದ ತಂತಿ ಬ್ರಷ್ಷನ್ನು ಹತ್ತಿರಕ್ಕೂ ತರಬಾರದು.

ಇಷ್ಟೆಲ್ಲ ಮಾಡಿದ್ದಾರೋ ಇಲ್ಲವೋ ಎಂದು ನಮಗೆ ಹೇಗೆ ಗೊತ್ತಾಗಬೇಕು? ಇಲ್ಲೇ ಇರುವುದು ಈ ಲೋಹದ ದೊಡ್ಡ ಗುಣ. ಬೆಸುಗೆಯ ಬಣ್ಣವೇ ಅದರ ಜಾತಕ. ಸಾಲಾಗಿ ಜೋಡಿಸಿದ ನಾಣ್ಯಗಳ ಹಾಗಿರುವ ಆ ಗೆರೆ ಬೆಳ್ಳಿಯ ಬಣ್ಣಕ್ಕೆ ಹೊಳೆಯುತ್ತಿದ್ದರೆ ಗಾಳಿ ಒಳಗೆ ನುಗ್ಗಿಲ್ಲ. ತೆಳುವಾದ ಹುಲ್ಲಿನ ಹಳದಿ ಕಂಡರೂ ಒಪ್ಪಿಕೊಳ್ಳಬಹುದು. ಕಡು ನೀಲಿ, ನೇರಳೆಗೆ ತಿರುಗಿದ್ದರೆ ಅನುಮಾನಪಡಿ. ಬೂದು ಬಣ್ಣ ಬಂದು ಬೆರಳಿಗೆ ಬಿಳಿ ಹುಡಿ ಅಂಟಿದರೆ ಆ ಬೆಸುಗೆಯನ್ನು ಕತ್ತರಿಸಿ ತೆಗೆಸಿ, ದುಡ್ಡು ಕೊಡಬೇಡಿ. ಉಕ್ಕಿನ ಬೆಸುಗೆಯಾಗಲಿ, ಕಾರ್ಬನ್ ಮೇಲೆ ಹಾಕಿದ ತೇಪೆಯಾಗಲಿ ಇಷ್ಟು ಬಿಚ್ಚಿ ಮಾತಾಡುವುದಿಲ್ಲ.

ಕೆಲಸ ಬಲ್ಲವರು ಇಲ್ಲಿ ಇಲ್ಲ ಎನ್ನುತ್ತಾರೆ. ಇಸ್ರೋ ಉಪಗ್ರಹಗಳ ಇಂಧನ ಟ್ಯಾಂಕುಗಳಿಗೆ ಬಳಸುವುದು ಟೈಟೇನಿಯಂ ಮಿಶ್ರಲೋಹ. ಕೇರಳದ ಚವರದಲ್ಲಿ, ಕಡಲತೀರದ ಕರಿಮರಳಿನಿಂದ ಹಿಡಿದು ಟೈಟೇನಿಯಂ ಸ್ಪಂಜ್ ಎಂಬ ಕಚ್ಚಾ ಲೋಹದ ತನಕ ಮಾಡುವ ಕಾರ್ಖಾನೆ 2011ರಿಂದ ಇದೆ. ವರ್ಷಕ್ಕೆ 500 ಟನ್ ಅದರ ಸಾಮರ್ಥ್ಯ. ವಿಮಾನದ ಬಿಡಿಭಾಗ ಮಾಡುವ ಬೆಂಗಳೂರಿನ ವರ್ಕ್‌ಶಾಪುಗಳಿಗೆ ಇದು ಪರಿಚಿತ ಲೋಹ. ನಮ್ಮ ನೆಲದ ಮರಳು, ನಮ್ಮ ಕೈಗಳ ಕಸುಬು ಆಕಾಶಕ್ಕೆ ಸಾಕಾಗುತ್ತದೆ, ಒಂದು ಸೈಕಲ್ಲಿಗೆ ಸಾಕಾಗುವುದಿಲ್ಲವೇ?

ವಾರಂಟಿ ಹೋಗುತ್ತದಂತೆ. ಹೆಚ್ಚಿನ ಕಂಪನಿಗಳ ವಾರಂಟಿ ಮೊದಲು ಕೊಂಡವರಿಗೆ ಮಾತ್ರ. ಸೆಕೆಂಡ್ ಹ್ಯಾಂಡ್ ಕೊಂಡವರ ಬಳಿ ಇಲ್ಲದ್ದು ಹೋಗುವುದೆಲ್ಲಿಂದ? ಖರ್ಚಿನ ಮಾತು ಬೇಡವೇ ಬೇಡ, ಹೊಸ ಫ್ರೇಮಿನ ಬೆಲೆ ವಿಚಾರಿಸಿ ಬಂದು ಆಮೇಲೆ ಮಾತಾಡಿ.

ಮಾರ್ಪಾಡಿಗೂ ನನ್ನ ಒಪ್ಪಿಗೆಯಿದೆ. ಮಡ್‌ಗಾರ್ಡ್ ಕೂರಿಸುವ ತಿರುಪಿನ ಕಣ್ಣು, ಮೂರನೇ ಬಾಟಲಿಯ ಜಾಗ ಇವನ್ನೆಲ್ಲ ಹಾಕಿಸಿಕೊಳ್ಳಬಹುದು. ರಿಮ್ ಬ್ರೇಕಿನ ಹಳೆ ಫ್ರೇಮಿಗೆ ಡಿಸ್ಕ್ ಬ್ರೇಕ್ ಹಾಕಿಸುವುದು ಮಾತ್ರ ದೊಡ್ಡ ಕೆಲಸ. ಹಿಂದಿನ ಹಬ್ 130 ಮಿಲಿಮೀಟರಿನದು, ಡಿಸ್ಕ್ ಹಬ್‌ಗೆ 135 ಅಥವಾ 142 ಬೇಕು. ಉಕ್ಕನ್ನು ಅಗಲಿಸಿದಂತೆ ಇದನ್ನು ಅಗಲಿಸಲಾಗದು, ಬಗ್ಗಿಸಿದರೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ಹಿಂಬದಿಯ ಸ್ಟೇಗಳನ್ನೇ ಬದಲಿಸಿ, ಮುಂದಿನ ಫೋರ್ಕ್, ಚಕ್ರ ಎಲ್ಲವನ್ನೂ ಬೇರೆ ತರಬೇಕು. ಅಷ್ಟಾದ ಮೇಲೆ ಉಳಿಯುವುದು ಅರ್ಧ ಹಳೆಯ ಸೈಕಲ್, ಅದನ್ನು ಒಪ್ಪುತ್ತೇನೆ. ಹೆಡ್ ಟ್ಯೂಬಿನ ಬುಡದಲ್ಲಿ ಬಿರುಕು ಅರ್ಧ ಸುತ್ತು ಬಂದಿದ್ದರೆ ನಾನೂ ಅದನ್ನು ಬೆಸೆಸಿಕೊಂಡು ಘಾಟಿ ಇಳಿಯುವುದಿಲ್ಲ. ಆದರೆ ಬಿರುಕುಗಳೆಲ್ಲ ಅಲ್ಲೇ ಬರುತ್ತವೆಯೇ?

ವಿರೋಧ: ಇಳಿಜಾರಿನಲ್ಲಿ ಪರೀಕ್ಷೆ ಬೇಡ
(ಮೈಸೂರಿನ ಸೈಕಲ್ ಮೆಕ್ಯಾನಿಕ್ ಒಬ್ಬರು)

ಮೊದಲು ಬಿರುಕು ಯಾಕೆ ಬಂತು ಎಂದು ಕೇಳಬೇಕು. ಟ್ಯೂಬಿನ ಗೋಡೆ ಸುಮಾರು ಒಂದು ಮಿಲಿಮೀಟರ್ ದಪ್ಪ. ಲಕ್ಷಾಂತರ ಸಲ ಬಾಗಿ ನೆಟ್ಟಗಾಗಿ ಲೋಹ ದಣಿದಿರುತ್ತದೆ, ಆ ದಣಿವು ಸಾಮಾನ್ಯವಾಗಿ ಬೆಸುಗೆಯ ಅಂಚಿನಲ್ಲೇ ಬಾಯಿ ಬಿಡುತ್ತದೆ. ಅದರ ಮೇಲೇ ಇನ್ನೊಂದು ಬೆಸುಗೆ ಹಾಕಿದರೆ ಬಿರುಕು ಮುಚ್ಚುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಪಟ್ಟಿ ಕೊಟ್ಟು ಬಲಪಡಿಸಿದರೆ ಒತ್ತಡ ಪಟ್ಟಿಯ ತುದಿಗೆ ಹೋಗಿ ಅಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಟ್ಯೂಬನ್ನೇ ಬದಲಿಸುವುದು ಸರಿಯಾದ ರಿಪೇರಿ. ಅದಕ್ಕೆ ಫ್ರೇಮನ್ನು ನೆಟ್ಟಗೆ ಹಿಡಿದಿಡುವ ಜಿಗ್ ಬೇಕು, ಅಳತೆಗೆ ಸರಿಯಾದ ಟ್ಯೂಬ್ ಬೇಕು. ಜಿಗ್ ಇಲ್ಲದೆ ಬೆಸೆದ ಫ್ರೇಮಿನಲ್ಲಿ ಹಿಂದಿನ ಚಕ್ರ ಮುಂದಿನದರ ಸಾಲಿಗೆ ಬರುವುದಿಲ್ಲ.

ಬಣ್ಣ ನೋಡಿ ಹೇಳಬಹುದು ಎನ್ನುವವರಿದ್ದಾರೆ. ಕಾಣುವುದು ಹೊರಗಿನ ಬಣ್ಣ. ಒಳಗೆ ಆರ್ಗಾನ್ ಸರಿಯಾಗಿ ಹರಿಯದಿದ್ದರೆ ಬೆಸುಗೆಯ ಬೇರು ಪೆಡಸಾಗಿರುತ್ತದೆ, ಅದನ್ನು ಬೆಸುಗೆ ಹಾಕಿದವರೂ ನೋಡಿರುವುದಿಲ್ಲ. ಹೊರಗಿನ ನೀಲಿಯನ್ನು ಸ್ಕ್ರಬ್ಬರ್ ಹಾಕಿ ಉಜ್ಜಿದರೆ ಬೆಳ್ಳಿಯಾಗುತ್ತದೆ. ಅಂಗಡಿಯಿಂದ ಹೊರಬಂದ ಮೇಲೆ ಬಣ್ಣ ನೋಡಿ ಪ್ರಯೋಜನವಿಲ್ಲ, ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತಿರಬೇಕು.

ಬಿರುಕು ಕಣ್ಣಿಗೆ ಕಂಡಷ್ಟೇ ಇರುತ್ತದೆ ಎಂದೂ ಹೇಳುವಂತಿಲ್ಲ. ಕೆಂಪು ಡೈ ಬಳಿದು, ಒರೆಸಿ, ಮೇಲೆ ಬಿಳಿ ಡೆವಲಪರ್ ಸಿಂಪಡಿಸಿದಾಗ ಗೆರೆ ಎಲ್ಲಿಯ ತನಕ ಹೋಗಿದೆ ಎಂದು ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಟಾರ್ಚ್ ಹಚ್ಚುವವರೇ ಹೆಚ್ಚು. ವಿಮಾನದ ಕೆಲಸ ಮಾಡುವ ವರ್ಕ್‌ಶಾಪುಗಳು ಒಂದು ಸೈಕಲ್ಲಿಗಾಗಿ ತಮ್ಮ ಕೆಲಸ ನಿಲ್ಲಿಸುತ್ತವೆಯೇ ಎಂಬುದೂ ಯೋಚಿಸಬೇಕಾದ ವಿಷಯ.

ಮಾರ್ಪಾಡು ಬೇಡ. ಎಲೆಕ್ಟ್ರಾನಿಕ್ ಗೇರಿನ ವೈರ್ ಹೋಗಲಿ ಎಂದು ಬೆಸುಗೆಯ ಹತ್ತಿರ ತೂತು ಕೊರೆದರೆ ಬಿರುಕಿಗೆ ದಾರಿ ಮಾಡಿಕೊಟ್ಟಂತೆ. ವಾರಂಟಿ ಇನ್ನೂ ಇರುವವರು ಹೊರಗಿನವರಿಂದ ಬೆಸೆಸಿದರೆ ಅದು ಮುಗಿಯಿತು, ಮೊದಲು ಕಂಪನಿಗೆ ಬರೆಯಿರಿ. 

ಇನ್ನೊಂದು. ಮಳೆಯಲ್ಲಿ ಟೈಟೇನಿಯಂ ಕೆಡುವುದಿಲ್ಲ, ಅದರೊಳಗಿನ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಕೆಡುತ್ತದೆ. ನೀರು ನಿಂತು, ಎರಡೂ ಲೋಹ ತಾಕಿ, ಅಲ್ಯೂಮಿನಿಯಂ ಹುಡಿಯೆದ್ದು ಉಬ್ಬಿ ಕಚ್ಚಿಕೊಳ್ಳುತ್ತದೆ. ಅದನ್ನು ಬಲವಂತವಾಗಿ ತಿರುಗಿಸಲು ಹೋಗಿ ಸೀಟ್ ಟ್ಯೂಬ್ ಹಾಳು ಮಾಡಿಕೊಂಡವರಿದ್ದಾರೆ. ಮಳೆಗಾಲಕ್ಕೆ ಮುಂಚೆ ಪೋಸ್ಟ್ ಬಿಚ್ಚಿ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿದರೆ ಈ ರಿಪೇರಿಯ ಪ್ರಮೇಯವೇ ಬರುವುದಿಲ್ಲ.

ಸೀಟ್ ಕ್ಲ್ಯಾಂಪಿನ ಸೀಳಿನ ತುದಿಯಲ್ಲಿ ಬರುವ ಚಿಕ್ಕ ಬಿರುಕಿನ ಮಾತು ಬೇರೆ. ಅದರ ಕೊನೆಗೆ ಒಂದು ಸಣ್ಣ ತೂತು ಕೊರೆದು ಅಲ್ಲೇ ನಿಲ್ಲಿಸಿ ಬೆಸೆಯಬಹುದು, ಅದು ಬಿಟ್ಟುಕೊಂಡರೂ ಸವಾರ ಬೀಳುವುದಿಲ್ಲ. ಬಾಟಲಿ ಕೂರುವ ತಿರುಪಿನ ಸುತ್ತಲಿನದನ್ನೂ ಚೆನ್ನಾಗಿ ಬೆಸೆದರೆ ಸರಿಹೋಗುತ್ತದೆ. ನಮ್ಮ ಅಂಗಡಿಗೆ ಬರುವ ಬಿರುಕುಗಳಲ್ಲಿ ಇಂಥವೇ ಹೆಚ್ಚು. ಉಳಿದವನ್ನು ಬೆಸೆಸಿಕೊಂಡವರು ಕಲ್‌ಹಟ್ಟಿ ಘಾಟಿಯ 36 ತಿರುವುಗಳಿಗೆ ಒಯ್ಯುವ ಮೊದಲು ಸಮತಟ್ಟಾದ ದಾರಿಯಲ್ಲಿ ತಿಂಗಳುಗಟ್ಟಲೆ ತುಳಿದು, ಪ್ರತಿ ವಾರ ಆ ಜಾಗವನ್ನು ಒರೆಸಿ ಟಾರ್ಚ್ ಬಿಟ್ಟು ನೋಡಲಿ.